ಚಿತ್ತೆ ಮಳೆಯ ಬಿಡುವಿನಲ್ಲಿ ಬಿಸ್ಲೆ ದಾರಿ

ಹಾಸನದ ಬೈಕ್ ಸವಾರರಿಗೆ ಹೊಸ ವರ್ಷ ಶುರುವಾಗುವುದು ಆಯುಧಪೂಜೆಯ ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಫೀಸು, ತರಕಾರಿ ಅಂಗಡಿ, ಮಕ್ಕಳ ಟ್ಯೂಷನ್ನು ಎಂದು ಊರೊಳಗೇ ಸುತ್ತಿ, ಮಡ್‌ಗಾರ್ಡಿನ ಒಳಗೆ ಕೆಸರು ಗಟ್ಟಿಕಟ್ಟಿಸಿಕೊಂಡ ಗಾಡಿ ಅವತ್ತು ಸರಿಯಾಗಿ ಮೈತೊಳೆಸಿಕೊಳ್ಳುತ್ತದೆ. ಹೆಡ್‌ಲೈಟಿಗೆ ವಿಭೂತಿ, ಕುಂಕುಮ, ಹ್ಯಾಂಡಲಿಗೆ ಚೆಂಡುಹೂವಿನ ಹಾರ, ಗಾಲಿಯಡಿಗೆ ನಿಂಬೆಹಣ್ಣು. ಆ ನಿಂಬೆಹಣ್ಣು ಪಚಕ್ಕನೆ ಒಡೆದ ಮೇಲೆ ಮನಸ್ಸು ಊರಲ್ಲಿ ನಿಲ್ಲುವುದಿಲ್ಲ. ಆದರೆ ಹಬ್ಬ ಬೇಗ ಬಂದ ವರ್ಷ ನಾನು ಇನ್ನೂ ಸ್ವಲ್ಪ ತಡೆಯುತ್ತೇನೆ. ಹಸ್ತ ಮಳೆ ಮುಗಿಯಬೇಕು, ಅಕ್ಟೋಬರಿನ ಎರಡನೇ ವಾರದಲ್ಲಿ ಚಿತ್ತೆ ಹಿಡಿಯಬೇಕು. ಚಿತ್ತೆ ಸುರಿದರೂ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಸುರಿಯುತ್ತದೆ. ಬೆಳಗಿನ ಆರೇಳು ಗಂಟೆ ಹೊತ್ತು ಸವಾರರಿಗೇ ಬಿಟ್ಟುಕೊಟ್ಟ ಹಾಗಿರುತ್ತದೆ.

ಆ ಮೊದಲ ಸವಾರಿಗೆ ನಾನು ಆರಿಸಿಕೊಳ್ಳುವ ದಾರಿ ಹಾಸನದಿಂದ ಸಕಲೇಶಪುರ, ಅಲ್ಲಿಂದ ಹೆತ್ತೂರು, ವನಗೂರು, ಬಿಸ್ಲೆ, ಕೊನೆಗೆ ಘಾಟಿ ಇಳಿದು ಕುಳ್ಕುಂದ. ಹೆದ್ದಾರಿ, ತಿರುವುಗಳ ಡಾಂಬರು, ಕಾಫಿ ತೋಟಗಳ ನಡುವಿನ ಮಣ್ಣುದಾರಿ, ಘಾಟಿಯ ಕಾಂಕ್ರೀಟು, ಎಲ್ಲವೂ ಒಂದೇ ಹಗಲಲ್ಲಿ ಸಿಗುತ್ತವೆ. ನಾಲ್ಕು ತಿಂಗಳಲ್ಲಿ ಸವಾರನ ಕೈಕಾಲು ಮರೆತದ್ದನ್ನು ಈ ದಾರಿ ಒಂದೊಂದಾಗಿ ನೆನಪಿಸುತ್ತದೆ. ದೂರ ಎಷ್ಟು ಹೋದೆ, ಎಷ್ಟು ಬೇಗ ಹೋದೆ ಎಂಬ ಲೆಕ್ಕ ಡಿಸೆಂಬರಿಗೆ ಇರಲಿ. ಮಳೆ ಬಿಟ್ಟ ಮೊದಲ ವಾರಗಳಲ್ಲಿ ಮಾಡಬೇಕಾದ ಕೆಲಸ ನೆಲವನ್ನು ಮತ್ತೆ ಓದುವುದು.

ಅದಕ್ಕೂ ಮೊದಲು ಗಾಡಿಯನ್ನು ಓದಬೇಕು. ಮಳೆಗಾಲ ಮೊದಲು ಕೈ ಇಡುವುದು ಚೈನಿನ ಮೇಲೆ. ಎಣ್ಣೆ ತೊಳೆದುಹೋಗಿ ಕೊಂಡಿಗಳಲ್ಲಿ ಕೆಂಪು ತುಕ್ಕು ಕೂತಿರುತ್ತದೆ. ಸೀಮೆಎಣ್ಣೆಯಲ್ಲೋ ಚೈನ್ ಕ್ಲೀನರಿನಲ್ಲೋ ತಿಕ್ಕಿ, ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ ಬಿಡಬೇಕು. ಹಳೆ ಕೆಸರಿನ ಮೇಲೇ ಎಣ್ಣೆ ಸುರಿದರೆ ಅದು ಅರೆಯುವ ಪುಡಿಯಾಗಿ ಸ್ಪ್ರಾಕೆಟ್ಟಿನ ಹಲ್ಲು ತಿನ್ನುತ್ತದೆ. ಬ್ರೇಕ್ ಪ್ಯಾಡು ಬಿಚ್ಚಿ ಸಂದಿಯ ಕೆಸರು ತೆಗೆಯಬೇಕು, ಕ್ಲಚ್ ಕೇಬಲ್ಲಿನ ತುದಿಯಲ್ಲಿ ಎಳೆ ಬಿಚ್ಚಿದೆಯೇ ನೋಡಬೇಕು. ಏರ್ ಫಿಲ್ಟರಿನ ಡಬ್ಬಿ ತೆರೆದರೆ ಕೆಲವು ಸಲ ಇಲಿ ಕೂಡಿಟ್ಟ ಬತ್ತದ ಹೊಟ್ಟು ಸಿಗುತ್ತದೆ. ಅಂಥ ಕಡೆ ವೈರಿಂಗನ್ನೂ ಬೆರಳಾಡಿಸಿ ನೋಡುವುದು ಕ್ಷೇಮ. ಹವಾ ಅಂತೂ ತಾನೇ ಇಳಿದಿರುತ್ತದೆ. ಸರ್ವಿಸಿಗೆ ಕೊಟ್ಟು ಬಿಲ್ಲು ಕಟ್ಟಿದರೆ ಸಾಕು ಎನ್ನುವವರಿದ್ದಾರೆ. ಕೊಡಬಾರದೆಂದಲ್ಲ, ಕೊಟ್ಟ ಮೇಲೂ ಒಂದು ಸಂಜೆ ಗಾಡಿಯ ಪಕ್ಕ ನೆಲದ ಮೇಲೆ ಕೂರಬೇಕು. ಎಲ್ಲಿ ಏನಿದೆ ಎಂದು ಕೈಗೆ ಗೊತ್ತಿದ್ದರೆ ಕಾಡಂಚಿನಲ್ಲಿ ಗಾಡಿ ನಿಂತಾಗ ಗಾಬರಿಯಾಗುವುದಿಲ್ಲ.

ಹಾಸನ ಬಿಟ್ಟ ಮೇಲೆ ಸಕಲೇಶಪುರದವರೆಗಿನ ಸುಮಾರು 40 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 75. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಲಾರಿ, ಟ್ಯಾಂಕರು, ಬಸ್ಸುಗಳೆಲ್ಲ ಇದರ ಮೇಲೆಯೇ. ಪಾಳ್ಯ, ಬಾಳ್ಳುಪೇಟೆ ದಾಟುವವರೆಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಬೆಳಗಿನ ಇಬ್ಬನಿಯೊಂದನ್ನು ಬಿಟ್ಟರೆ. ಆದರೆ ಈ ತುಂಡು ದಂಡವಲ್ಲ. ಖಾಲಿ ನೇರದಾರಿ ಸಿಕ್ಕಾಗ ಹಿಂದೆ ಯಾರೂ ಇಲ್ಲವೆಂದು ಖಚಿತಮಾಡಿಕೊಂಡು ಮುಂದಿನ ಬ್ರೇಕು, ಹಿಂದಿನ ಬ್ರೇಕು ಬೇರೆಬೇರೆಯಾಗಿ ಒತ್ತಿ ನೋಡುವುದು, ಗೇರು ಇಳಿಸುವಾಗ ಎಂಜಿನ್ನಿನ ತಡೆ ಎಷ್ಟಿದೆ ಎಂದು ಅಂದಾಜಿಸುವುದು ಇಲ್ಲೇ. ಬಾಳ್ಳುಪೇಟೆ ದಾಟಿದ ಮೇಲೆ ಗಾಳಿಯ ವಾಸನೆ ಬದಲಾಗುತ್ತದೆ. ಒಣಹುಲ್ಲಿನ ಬಯಲು ನಾಡು ಹಿಂದೆ ಸರಿದು ಕೊಳೆತ ಎಲೆಯ, ಒದ್ದೆ ಮಣ್ಣಿನ ಮಲೆನಾಡು ಹೆಲ್ಮೆಟ್ಟಿನೊಳಗೆ ಬರುತ್ತದೆ.

ಸಕಲೇಶಪುರ ಹೇಮಾವತಿಯ ದಡದ ಊರು, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಇಲ್ಲಿ ಪೆಟ್ರೋಲು ತುಂಬಿಸಿ, ಅಕ್ಕಿರೊಟ್ಟಿ ತಿಂದು ಹೊರಡುವುದು ರೂಢಿ. ಬಿಸ್ಲೆ ಕಡೆ ಬಂಕುಗಳನ್ನು ನಂಬಿಕೊಂಡು ಹೋಗಬಾರದು. ಸಮಯವಿದ್ದವರು ಹೆದ್ದಾರಿಯಲ್ಲೇ ಐದಾರು ಕಿ.ಮೀ. ಮುಂದೆ ದೋಣಿಗಾಲಿನ ಬಳಿಯ ಮಂಜರಾಬಾದ್ ಕೋಟೆ ಹತ್ತಬಹುದು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂಥ ಕೋಟೆ. ಕರಾವಳಿಯಿಂದ ಘಾಟಿ ಹತ್ತಿ ಬರುವವರ ಮೇಲೆ ಕಣ್ಣಿಡಲು ಕಟ್ಟಿದ್ದು ಅದು. ನಾನಂತೂ ಮೊದಲ ಸವಾರಿಯಲ್ಲಿ ಕೋಟೆಗೆ ಹೋಗುವುದಿಲ್ಲ, ಬೆಳಗಿನ ಹೊತ್ತೆಲ್ಲ ದಾರಿಗೇ ಬೇಕು.

ಹೆದ್ದಾರಿ ಬಿಟ್ಟು ಹೆತ್ತೂರಿನ ಕಡೆ ತಿರುಗಿದ ಕೂಡಲೇ ರಸ್ತೆ ಕಿರಿದಾಗುತ್ತದೆ, ತಿರುವುಗಳು ಶುರುವಾಗುತ್ತವೆ. ಎರಡೂ ಕಡೆ ಕಾಫಿ ತೋಟ, ಮೇಲೆ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅಕ್ಟೋಬರಿನಲ್ಲಿ ಅರೇಬಿಕಾ ಕಾಯಿ ಬಹುಪಾಲು ಹಸಿರಾಗಿಯೇ ಇರುತ್ತದೆ, ಅಲ್ಲೊಂದು ಇಲ್ಲೊಂದು ಗೊಂಚಲು ಹಳದಿಗೆ ತಿರುಗಿರುತ್ತದೆ. ತಗ್ಗಿನ ಗದ್ದೆಬಯಲುಗಳಲ್ಲಿ ಬತ್ತ ಹೊಡೆಬಿಚ್ಚಿ ತೆನೆ ಹಾಲುಗಟ್ಟುವ ಕಾಲ. ನೋಡುತ್ತ ಕೂರಬೇಕೆನಿಸುವ ಬಯಲುಗಳು. ಆದರೆ ನೋಡಬೇಕಿದ್ದರೆ ಗಾಡಿ ನಿಲ್ಲಿಸಿಯೇ ನೋಡಬೇಕು, ಯಾಕೆಂದರೆ ಈ ತಿಂಗಳ ರಸ್ತೆ ಕಣ್ಣನ್ನು ಬೇರೆಡೆಗೆ ಬಿಟ್ಟುಕೊಡುವುದಿಲ್ಲ.

ಮಳೆ ಬಿಟ್ಟ ರಸ್ತೆಯ ಮೇಲೆ ಏನೇನಿರುತ್ತದೆ ಎಂದು ಹೇಳುತ್ತೇನೆ. ತಿರುವಿನ ಒಳಮಗ್ಗುಲಲ್ಲಿ ನೀರು ತಂದು ಹರಡಿದ ನುಣುಪು ಮರಳು. ಡಾಂಬರಿನ ಬಣ್ಣಕ್ಕೇ ಹೊಂದಿಕೊಂಡಿರುವುದರಿಂದ ಹತ್ತಿರ ಬರುವವರೆಗೆ ತಿಳಿಯುವುದಿಲ್ಲ. ಮರದ ನೆರಳು ಬಿದ್ದ ಕಡೆಯೆಲ್ಲ ಅಂಚಿನಿಂದ ಒಳಗೆ ತೆವಳಿ ಬಂದ ಪಾಚಿ. ಬಿಸಿಲು ಬೀಳುವ ಕಡೆ ಒಣಗಿದ ರಸ್ತೆ ನೆರಳಿಗೆ ಹೋಗುತ್ತಲೇ ಒದ್ದೆ, ಒಂದೇ ತಿರುವಿನಲ್ಲಿ ಎರಡು ನೆಲ. ಗುಂಡಿಯಲ್ಲಿ ನಿಂತ ನೀರು ಆಳ ಹೇಳುವುದಿಲ್ಲ. ತೋಟದ ಗೇಟಿನೆದುರು ಟ್ರ್ಯಾಕ್ಟರು ಎಳೆದು ತಂದ ಕೆಸರಿನ ಎರಡು ಪಟ್ಟೆ ಇರುತ್ತದೆ, ಗೇಟು ಕಂಡರೆ ಕೆಸರು ಇದೆ ಎಂದೇ ತಿಳಿಯಬೇಕು. ಇವಕ್ಕೆಲ್ಲ ಮದ್ದು ಒಂದೇ. ತಿರುವಿಗೆ ಮೊದಲೇ ವೇಗ ಇಳಿಸಿ, ಗೇರು ಇಳಿಸಿ, ತಿರುವಿನೊಳಗೆ ಬ್ರೇಕಿನ ಕೆಲಸವೇ ಇಲ್ಲದ ಹಾಗೆ ಹೋಗುವುದು, ಕಣ್ಣನ್ನು ಮುಂದಿನ ಗಾಲಿಯ ಬುಡದಲ್ಲಿಡದೆ ತಿರುವು ಮುಗಿಯುವ ಕಡೆ ಇಡುವುದು. ಮೇ ತಿಂಗಳಲ್ಲಿ ಇದೆಲ್ಲ ಯೋಚಿಸದೆ ಆಗುತ್ತಿತ್ತು. ಈಗ ಯೋಚಿಸಿ ಮಾಡಬೇಕು. ಹೆತ್ತೂರು ಬರುವಷ್ಟರಲ್ಲಿ ಯೋಚನೆ ಕಡಿಮೆಯಾಗಿ, ಮೈ ತಾನಾಗಿ ವಾಲಲು ಶುರುಮಾಡುತ್ತದೆ. ಆ ಹೊತ್ತಿನ ಸುಖಕ್ಕೇ ಈ ದಾರಿಗೆ ಬರುವುದು.

ಹೆತ್ತೂರಿನಿಂದ ವನಗೂರಿನ ಆಸುಪಾಸು ಡಾಂಬರಿನಿಂದ ಕವಲೊಡೆದು ಊರುಗಳಿಗೆ, ತೋಟಗಳಿಗೆ ಹೋಗುವ ಮಣ್ಣುದಾರಿಗಳಿವೆ. ಕೆಲವು ಊರವರೆಲ್ಲ ಓಡಾಡುವ ದಾರಿ, ಕೆಲವು ತೋಟದವರದೇ ಖಾಸಗಿ. ನೋಡಿದರೆ ಗೊತ್ತಾಗುವುದಿಲ್ಲ, ಅಂಗಡಿಯಲ್ಲಿ ಕೇಳಬೇಕು. 'ಅಣ್ಣ, ಈ ದಾರಿ ಊರಿಗೆ ಹೋಗುತ್ತಾ, ತೋಟದ್ದಾ?' ಎಂದರೆ ಹೇಳುತ್ತಾರೆ. ಜೊತೆಗೆ ಆನೆ ಎಲ್ಲಿದೆ ಎಂಬುದನ್ನೂ ಹೇಳುತ್ತಾರೆ. ಇದು ತಮಾಷೆಯ ಮಾತಲ್ಲ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆ ತೋಟದೊಳಗೇ ವಾಸ ಹೂಡಿ ವರ್ಷಗಳಾಗಿವೆ. ಕೂಲಿಗೆ ಹೋದವರು ಜೀವ ಕಳೆದುಕೊಂಡಿದ್ದಾರೆ. ಇವತ್ತು ಹಿಂಡು ಯಾವ ತೋಟದಲ್ಲಿದೆ ಎಂದು ಇಲ್ಲಿಯವರ ಮೊಬೈಲಿಗೆ ಅರಣ್ಯ ಇಲಾಖೆಯ ಸಂದೇಶ ಬರುತ್ತದೆ. ಅವರು 'ಇವತ್ತು ಆ ಕಡೆ ಬೇಡಿ ಸಾರ್' ಎಂದರೆ ಎದುರು ಮಾತಿಲ್ಲದೆ ಗಾಡಿ ತಿರುಗಿಸಬೇಕು.

ದಾರಿ ಸಿಕ್ಕಿತು ಅನ್ನಿ. ಗಾಡಿ ನಿಲ್ಲಿಸಿ ಟೈರಿನ ಹವಾ ಸ್ವಲ್ಪ ಬಿಡಬೇಕು. ಡಾಂಬರಿಗೆಂದು ಬಿಗಿ ತುಂಬಿಸಿದ ಟೈರು ಮಣ್ಣಿನಲ್ಲಿ ಕಲ್ಲಿಂದ ಕಲ್ಲಿಗೆ ಪುಟಿಯುತ್ತದೆ. ಇಳಿಸಿದ ಟೈರು ಹರಡಿಕೊಂಡು ನೆಲ ಹಿಡಿಯುತ್ತದೆ. ವಾಪಸು ತುಂಬಿಸಲು ಪುಟ್ಟ ಪಂಪು ಚೀಲದಲ್ಲಿರಬೇಕು. ಹಿಂದಿನ ಎಬಿಎಸ್ ನಿಲ್ಲಿಸುವ ಸೌಲಭ್ಯವಿರುವ ಗಾಡಿಯಾದರೆ ನಿಲ್ಲಿಸಬೇಕು. ಇಳಿಜಾರಿನ ಸಡಿಲ ಮಣ್ಣಿನಲ್ಲಿ ಎಬಿಎಸ್ ಮತ್ತೆ ಮತ್ತೆ ಬ್ರೇಕು ಬಿಟ್ಟುಬಿಟ್ಟು ಗಾಡಿ ನಿಲ್ಲುವ ದೂರ ಹೆಚ್ಚಿಸುತ್ತದೆ. ಆಮೇಲೆ ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲುವುದು. ಮೊಣಕಾಲು ತುಸು ಬಾಗಿ ಟ್ಯಾಂಕಿಗೆ ಒತ್ತಿರಬೇಕು, ಭಾರವೆಲ್ಲ ಪಾದದ ಮೇಲೆ, ಮೊಣಕೈ ಹೊರಕ್ಕೆ. ಹ್ಯಾಂಡಲನ್ನು ಮಾತ್ರ ಮಗುವಿನ ಕೈ ಹಿಡಿದು ರಸ್ತೆ ದಾಟಿಸುವ ಹಾಗೆ ಹಿಡಿಯಬೇಕು, ಬಿಡಲೂ ಬಾರದು, ಹಿಚುಕಲೂ ಬಾರದು. ಮುಂದಿನ ಗಾಲಿ ಆ ಕಡೆ ಈ ಕಡೆ ಅಲ್ಲಾಡುತ್ತದೆ. ಅಲ್ಲಾಡಲಿ, ತನ್ನ ದಾರಿ ಅದಕ್ಕೆ ಗೊತ್ತು. ಹೆದರಿ ಬಿಗಿಹಿಡಿದವರೇ ಹೆಚ್ಚು ಬೀಳುವುದು.

ಅಕ್ಟೋಬರಿನ ಮಣ್ಣು ಒಂದೇ ಜಾತಿಯದಲ್ಲ. ಬಿಸಿಲು ಬಿದ್ದ ಏರಿನಲ್ಲಿ ಮೇಲೆ ಒಣಗಿ ಒಳಗೆ ಹಸಿಯಿರುವ ಕೆಂಪುಮಣ್ಣು ಇದೆಯಲ್ಲ, ವರ್ಷದಲ್ಲಿ ಈ ಕೆಲವೇ ವಾರ ಸಿಗುವ ನೆಲ ಅದು. ಧೂಳೇಳುವುದಿಲ್ಲ, ಕೆಸರಾಗುವುದಿಲ್ಲ, ಟೈರು ಕಚ್ಚಿ ಹಿಡಿಯುತ್ತದೆ, ಎರಡನೇ ಗೇರಿನಲ್ಲಿ ನಿಧಾನವಾಗಿ ಎಳೆದುಕೊಂಡು ಹೋದರೆ ಗಾಡಿ ಎಂಥ ಏರನ್ನೂ ಸಮಾಧಾನವಾಗಿ ಹತ್ತುತ್ತದೆ. ಇದರ ಪಕ್ಕದಲ್ಲೇ ಜೀಪಿನ ಗಾಲಿ ಕೊರೆದ ಕಾಲುವೆ, ಅದರ ತಳದಲ್ಲಿ ಇನ್ನೂ ಆರದ ಜೇಡಿ. ಆ ಕಾಲುವೆಗೆ ಇಳಿದರೆ ಅದು ಹೋದಲ್ಲಿಗೇ ನೀವೂ ಹೋಗಬೇಕು, ನಡುವೆ ಹತ್ತಲು ನೋಡಿದರೆ ಮುಂದಿನ ಗಾಲಿ ಅಂಚಿಗೆ ತಾಗಿ ಮಗುಚುತ್ತದೆ. ನಡುವಿನ ಹುಲ್ಲಿನ ದಿಂಡು ಹೆಚ್ಚು ಕ್ಷೇಮ, ಹುಲ್ಲಡಿಯ ಕಲ್ಲು ಬೇರುಗಳ ಮೇಲೆ ಕಣ್ಣಿದ್ದರೆ. ಬೇರನ್ನು ಅಡ್ಡಡ್ಡವಾಗಿ ದಾಟಬಾರದು, ನೇರ ದಾಟಬೇಕು. ಇಳಿಜಾರಿನಲ್ಲಿ ಕ್ಲಚ್ ಒತ್ತಿಕೊಂಡು ಇಳಿಯಬಾರದು. ಒಂದನೇ ಅಥವಾ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿ ತಡೆಯಲು ಬಿಟ್ಟು, ಹಿಂದಿನ ಬ್ರೇಕನ್ನು ಬೇಕಾದಷ್ಟೇ ಒತ್ತಬೇಕು. ಇನ್ನು ನಿಂತಲ್ಲೆಲ್ಲ ಇಂಬಳ ಶೂ ಹತ್ತುತ್ತದೆ. ಕಾಲ್ಚೀಲಕ್ಕೆ ಉಪ್ಪು, ಹೊಗೆಸೊಪ್ಪಿನ ನೀರು ಸವರಿಕೊಂಡರೆ ಅಷ್ಟು ಕಾಟವಿಲ್ಲ.

ಇಂಥ ದಾರಿಗೆ ದೊಡ್ಡ ಗಾಡಿಯೇ ಬೇಕೆಂಬ ನಂಬಿಕೆ ಈಚಿನದು. ಹಿಮಾಲಯನ್ ಬೈಕು ಬಂದದ್ದು 2016ರಲ್ಲಿ. ಹೀರೋ ಎಕ್ಸ್‌ಪಲ್ಸ್ 200ರ ಮುಂದಿನ ಗಾಲಿ 21 ಇಂಚು, ಹೊಟ್ಟೆಗೂ ನೆಲಕ್ಕೂ 220 ಮಿ.ಮೀ. ಅಂತರ. ದೊಡ್ಡ ಗಾಲಿ ಗುಂಡಿಯಲ್ಲಿ ಸಿಕ್ಕಿಕೊಳ್ಳದೆ ದಾಟುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮಲೆನಾಡಿನ ತೋಟದ ದಾರಿಗಳನ್ನು ಇವಕ್ಕಿಂತ ಎಷ್ಟೋ ಮೊದಲೇ ತುಳಿದಿದ್ದವು ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ, ಯೆಜ್ಡಿಗಳು. 1960ರ ದಶಕದ ಆರಂಭದಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು. ಹೆತ್ತೂರಿನ ಕಡೆಯ ಹಿರಿಯರು ಇವತ್ತಿಗೂ ಎರಡು ಸೈಲೆನ್ಸರಿನ ಆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಈಗ ಅದೇ ದಾರಿಯಲ್ಲಿ ಓಡುವುದು ಟಿವಿಎಸ್ ಎಕ್ಸೆಲ್. ಹಿಂದೆ ಗೊಬ್ಬರದ ಮೂಟೆ, ಮುಂದೆ ಹಾಲಿನ ಕ್ಯಾನು, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಎದ್ದು ನಿಂತು, ಉಸಿರು ಬಿಗಿಹಿಡಿದು ದಾಟಿದ ಜೇಡಿಯನ್ನು ತೋಟದ ರೈಟರೊಬ್ಬರು ಎಕ್ಸೆಲ್ಲಿನಲ್ಲಿ ಬೀಡಿ ಸೇದುತ್ತ ದಾಟಿ ಬಂದರು. ಹೇಗೆ ಎಂದು ಕೇಳಿದೆ. 'ಗಾಡಿ ನಿಲ್ಸಕ್ ಹೋಗ್ಬಾರ್ದು ಸಾರ್, ಓಡ್ಸಕ್ಕೂ ಹೋಗ್ಬಾರ್ದು. ಒಂದೇ ಸಮ ಹೋಗ್ತಿರ್ಬೇಕು' ಎಂದರು. ಮಣ್ಣಿನ ಸವಾರಿಯ ಯಾವ ತರಬೇತಿಯಲ್ಲೂ ಇದಕ್ಕಿಂತ ಚೆನ್ನಾಗಿ ಹೇಳಿಕೊಡಲಾರರು.

ವನಗೂರಿನ ಹತ್ತಿರದ ಪಟ್ಲ ಬೆಟ್ಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಲ್ಲು ಹೊದ್ದ, ಎಲ್ಲ ದಿಕ್ಕಿಗೂ ತೆರೆದುಕೊಂಡ ಚೆಲುವಾದ ಬೆಟ್ಟ. ಹುಲ್ಲನ್ನು ಸೀಳಿಕೊಂಡು ಬೈಕು ಹತ್ತಿಸುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಈ ಬೆಟ್ಟಗಳ ಮೇಲಿನ ಮಣ್ಣು ತೆಳು, ಅದನ್ನು ಹಿಡಿದಿಟ್ಟಿರುವುದೇ ಹುಲ್ಲಿನ ಬೇರು. ಮುಳ್ಳುಗಚ್ಚಿನ ಟೈರು ಒಂದು ಸಲ ಹುಲ್ಲು ಕಿತ್ತ ಕಡೆ ಮುಂದಿನ ಮಳೆ ಗೀರು ಹಾಕುತ್ತದೆ, ಅದರಾಚೆಯ ಮಳೆ ಕೊರಕಲು ಮಾಡುತ್ತದೆ. ಆ ಕೊರಕಲು ತಪ್ಪಿಸಲು ಮುಂದಿನವರು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡುತ್ತಾರೆ. ಹೀಗೆ ಬೆಟ್ಟದ ಮೈತುಂಬ ಕೆಂಪು ಗಾಯ. ಕೆಳಗಿನ ಹಳ್ಳಗಳಿಗೆ ಬೇಸಿಗೆಯಲ್ಲೂ ನೀರು ಜಿನುಗಿಸುವುದು ಇದೇ ಹುಲ್ಲುಗಾವಲು. ಮಣ್ಣುದಾರಿಯ ಸುಖಕ್ಕೆ ಊರದಾರಿಗಳು ಬೇಕಾದಷ್ಟಿವೆ. ಹುಲ್ಲಿನ ಬೆಟ್ಟಕ್ಕೆ, ಕಾಡಿನೊಳಕ್ಕೆ ಗಾಡಿ ಹತ್ತಿಸಕೂಡದು. ಬುಡದಲ್ಲಿ ನಿಲ್ಲಿಸಿ, ಪ್ರವೇಶದ ನಿಯಮ ಕೇಳಿಕೊಂಡು, ನಡೆದು ಹತ್ತಬೇಕು. ಹಾಗೆಯೇ ಸೈಲೆನ್ಸರು ಬದಲಿಸಿ ಗುಡುಗುಟ್ಟಿಸುವ ಗಾಡಿಗಳು ಈ ಕಡೆ ಬರದಿರುವುದೇ ಒಳ್ಳೆಯದು. ಪ್ರತಿ ಭಾನುವಾರ ಆ ಸದ್ದು ಕೇಳುವ ಊರಿನವರು ನಾಳೆ ದಾರಿಗೆ ಗೇಟು ಹಾಕಿದರೆ ತಪ್ಪು ಅವರದಲ್ಲ.

ಕೂಡುರಸ್ತೆ ಎಂಬ ಊರು ದಾಟಿ ಬಿಸ್ಲೆಯ ಕಡೆ ಹೋಗುವಾಗ ಮಂಕನಹಳ್ಳಿಯ ಬಳಿ ರಸ್ತೆ ಪಕ್ಕ ಬ್ರಿಟಿಷರ ಕಾಲದ ಒಂದು ಕಲ್ಲಿದೆ. ಗಮನಿಸದಿದ್ದರೆ ಮೈಲಿಗಲ್ಲೆಂದು ದಾಟಿಹೋಗಬಹುದು. ಇಲ್ಲಿ ಬೀಳುವ ಮಳೆ ಒಂದು ಮಗ್ಗುಲಿನಲ್ಲಿ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನಲ್ಲಿ ಅರಬ್ಬಿ ಸಮುದ್ರಕ್ಕೆ ಎಂದು ಗುರುತು ಹಾಕಿದ ಕಲ್ಲು ಅದು. ಪೂರ್ವಕ್ಕೆ ಜಾರಿದ ನೀರು ಹೇಮಾವತಿ ಸೇರಿ, ಗೊರೂರಿನ ಅಣೆಕಟ್ಟಿನಲ್ಲಿ ತಂಗಿ, ಕಾವೇರಿಯಾಗಿ ತಮಿಳುನಾಡು ದಾಟಬೇಕು. ಪಶ್ಚಿಮಕ್ಕೆ ಜಾರಿದ್ದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ಈ ಕಲ್ಲಿನ ಮುಂದೆ ನಿಂತಾಗ ಎತ್ತಿನಹೊಳೆ ನೆನಪಾಗದೆ ಇರದು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಪಶ್ಚಿಮದ ನೀರನ್ನು ಎತ್ತಿ ಪೂರ್ವದ ಬಯಲುಸೀಮೆಗೆ ಹರಿಸುವ 24 ಟಿಎಂಸಿ ಯೋಜನೆ ಇದೇ ತಾಲ್ಲೂಕಿನದು. ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆಯನ್ನು ಕಂಡವನಾಗಿ ಯೋಜನೆಯನ್ನು ಬಾಯಿತುಂಬ ಬಯ್ಯಲಾರೆ. ಆದರೆ ಅದಕ್ಕಾಗಿ ಅಗೆದ ಗುಡ್ಡಗಳನ್ನು ಇಲ್ಲಿ ಕಣ್ಣಾರೆ ನೋಡಿದ ಮೇಲೆ ಸುಮ್ಮನೆ ದಾಟಿಹೋಗುವುದಕ್ಕೂ ಆಗುವುದಿಲ್ಲ.

ಬಿಸ್ಲೆ ಊರು ದಾಟಿದರೆ ಅರಣ್ಯ ಇಲಾಖೆಯ ವೀಕ್ಷಣಾ ತಾಣ. ಎದುರಿಗೆ ಕಣಿವೆ, ಕಣಿವೆಯಾಚೆ 1712 ಮೀಟರ್ ಎತ್ತರದ ಕುಮಾರಪರ್ವತ, ಅದರ ಸುತ್ತ ಪುಷ್ಪಗಿರಿ ವನ್ಯಧಾಮದ ಕಾಡು. ಆಗಸ್ಟಿನಲ್ಲಿ ಬಂದರೆ ಇಲ್ಲಿ ಬಿಳಿಯ ಮೋಡವಲ್ಲದೆ ಏನೂ ಕಾಣುವುದಿಲ್ಲ. ಫೆಬ್ರವರಿಯಲ್ಲಿ ಬೆಟ್ಟ ಕಾಣುತ್ತದೆ, ಬಣ್ಣ ಮಾಸಿರುತ್ತದೆ. ಅಕ್ಟೋಬರಿನ ಬೆಳಗಿನ ಹತ್ತು ಗಂಟೆಗೆ ಮಂಜು ಕಣಿವೆಯಿಂದ ಎದ್ದು ಮೇಲೆ ಸರಿದಾಗ ಒಂದೊಂದೇ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಂಡೆಯ ಮೈಯಲ್ಲಿ ಇನ್ನೂ ಬತ್ತದ ಝರಿಗಳು ಕಾಣುತ್ತವೆ. ಇಲ್ಲಿ ಮಾತ್ರ ಅವಸರ ಮಾಡಬೇಡಿ. ಹೆಲ್ಮೆಟ್ಟು, ಜಾಕೆಟ್ಟು ಬಿಚ್ಚಿಟ್ಟು ಕೂತು, ಚಪಾತಿಯೋ ಪುಳಿಯೋಗರೆಯೋ ತಂದದ್ದನ್ನು ತಿಂದು, ಕಾಗದ ಚೀಲ ಕಟ್ಟಿಕೊಂಡು ಹೊರಡಿ.

ಆಮೇಲೆ ಇಳಿತ. ಒಂದು ಕಾಲಕ್ಕೆ ಬಿಸ್ಲೆ ಘಾಟಿಯೆಂದರೆ ಕಲ್ಲೆದ್ದ, ಜೀಪು ಬಿಟ್ಟರೆ ಬೇರೆ ಗಾಡಿ ಅಂಜುವ ದಾರಿ. ಈಗ ಬಹುಭಾಗ ಕಾಂಕ್ರೀಟಾಗಿದೆ. ಹಳೆಯ ಸವಾರರಲ್ಲಿ ಇದಕ್ಕೆ ಬೇಸರಪಡುವವರಿದ್ದಾರೆ. ನನಗೆ ಬೇಸರವಿಲ್ಲ. ಆಸ್ಪತ್ರೆಗೆ, ಕಾಲೇಜಿಗೆ ಇಳಿಯಬೇಕಾದ ಬಿಸ್ಲೆಯವರ ದಾರಿ ಅದು, ನಮ್ಮ ಆಟದ ಅಂಗಳವಲ್ಲ. ಹಾಗೆಂದು ಕಾಂಕ್ರೀಟು ಸುಲಭವೆಂದುಕೊಳ್ಳಬಾರದು. ಮರಗಳು ಮೇಲೆ ಕೂಡಿಕೊಂಡಿರುವುದರಿಂದ ಬಿಸಿಲು ತಲುಪುವುದಿಲ್ಲ, ಅಂಚುಗಳು ಹಸಿರುಗಟ್ಟಿ ಜಾರುತ್ತವೆ. ಗಾಲಿಗಳು ಓಡಾಡಿ ಬಿಳಿಯಾದ ಎರಡು ಪಟ್ಟೆಗಳಲ್ಲಿ ಎಡದ್ದನ್ನು ಹಿಡಿದು ಇಳಿಯಬೇಕು. ಎದುರು ಗಾಡಿ ಬಂದಾಗ ಪಾಚಿಯ ಕಡೆ ಹಾರದೆ, ವೇಗ ಪೂರ್ತಿ ಕಳೆದುಕೊಂಡು, ನೇರವಾಗಿ ನಿಂತು ಬಿಟ್ಟುಕೊಡಬೇಕು. ನಡುನಡುವೆ ಎಂಜಿನ್ ಆರಿಸಿ ನಿಂತರೆ ಹಾರ್ನ್‌ಬಿಲ್ ರೆಕ್ಕೆ ಬಡಿಯುವ ಭಾರಿ ಸದ್ದು ಕೇಳಬಹುದು. ಮಧ್ಯಾಹ್ನ ಎರಡರೊಳಗೆ ಘಾಟಿ ಮುಗಿಸಿದರೆ ಒಳ್ಳೆಯದು, ಸಂಜೆಯ ಮೇಲಂತೂ ಕಾಲಿಡಲೇಬಾರದು. ಆಮೇಲೆ ದಾರಿ ಆನೆಗಳದು.

ಇಳಿದಂತೆಲ್ಲ ಜಾಕೆಟ್ಟಿನೊಳಗೆ ಬೆವರು. ಕುಳ್ಕುಂದ ತಲುಪುವಾಗ ಅಡಿಕೆ ತೋಟ, ಹಂಚಿನ ಮನೆ, ತುಳು ಮಾತು, ಕುಚ್ಚಲಕ್ಕಿ ಊಟ. ಸಮುದ್ರಮಟ್ಟದಿಂದ ನೂರು ಮೀಟರಿಗಿಂತ ಸ್ವಲ್ಪ ಮೇಲಷ್ಟೇ ಇರುವ ಊರು. ಬೆಳಿಗ್ಗೆ ಸಕಲೇಶಪುರದಲ್ಲಿ ಹಾಕಿಕೊಂಡ ಸ್ವೆಟರು ಮೊದಲು ಚೀಲ ಸೇರುತ್ತದೆ. ಇಲ್ಲಿಂದ ಗುಂಡ್ಯಕ್ಕೆ ಹೋಗಿ ಶಿರಾಡಿ ಘಾಟಿ ಹತ್ತಿದರೆ ಕತ್ತಲೊಳಗೆ ಹಾಸನ ಸೇರಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ದಿನವಿಡೀ ಮಣ್ಣಲ್ಲಿ ದಣಿದ ಕೈಯಲ್ಲಿ, ಚಿತ್ತೆ ಸುರಿಯುವ ಹೊತ್ತಿಗೆ, ಟ್ಯಾಂಕರುಗಳ ಹಿಂದೆ ಶಿರಾಡಿ ಹತ್ತುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹತ್ತಿರದ ಸುಬ್ರಹ್ಮಣ್ಯದಲ್ಲಿ ಕೋಣೆ ಹಿಡಿದು, ಸ್ನಾನ ಮಾಡಿ, ಟೈರಿಗೆ ಹವಾ ತುಂಬಿಸಿ, ಚೈನಿನ ಕೆಸರು ಒರೆಸಿ ಎಣ್ಣೆ ಬಿಟ್ಟು ಮಲಗುವುದು ಮೇಲು. ಮರುದಿನ ಏಳು ಗಂಟೆಗೆ ಬಿಸ್ಲೆ ಘಾಟಿಯನ್ನೇ ಮತ್ತೆ ಹತ್ತಬೇಕು. ಇಳಿಯುವಾಗ ಬ್ರೇಕಿನ ಮೇಲೆಯೇ ಇದ್ದ ಮನಸ್ಸಿಗೆ ಹತ್ತುವಾಗ ಕಾಡು ನೋಡಲು ಬಿಡುವು ಸಿಗುತ್ತದೆ, ಗಾಡಿಯೂ ಏರಿನಲ್ಲಿ ಇಳಿಜಾರಿಗಿಂತ ಹೆಚ್ಚು ಮಾತು ಕೇಳುತ್ತದೆ.